ಸೋಲು, ಕಷ್ಟ ನಿಜವಾಗಿ ನಮ್ಮನ್ನು ಬೆಳೆಸುತ್ತವಾ? ಬೆಳೆದದ್ದು ಗೊತ್ತಾಗುವುದು ಹೇಗೆ?

ದಾರಿ ಕೇಳುವವಳು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಪ್ರಾರ್ಥನೆ ಮಾಡಿ, ಹಿರಿಯರನ್ನು ಕೇಳಿ ಶುರು ಮಾಡಿದ ಕೆಲಸ ನಿಂತುಹೋಯಿತು. ಸಾಲ ಉಳಿಯಿತು. ಅದೇ ಹೊತ್ತಿಗೆ ನಾನು ನಡೆಸುತ್ತಿದ್ದ ಬೈಬಲ್ ಅಧ್ಯಯನದ ಗುಂಪೂ ಚದುರಿತು. ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕಾರಣ ಯಾರೂ ಹೇಳಲಿಲ್ಲ. ಸಭೆಯಲ್ಲಿ ಸಿಕ್ಕವರೆಲ್ಲ ಹೇಳುವುದು ಒಂದೇ ಮಾತು: "ದೇವರು ನಿನ್ನನ್ನು ಬೆಳೆಸುತ್ತಿದ್ದಾರೆ."

ನನಗೆ ನಾನು ಬೆಳೆದ ಹಾಗೆ ಕಾಣುತ್ತಿಲ್ಲ. ಮೊದಲಿಗಿಂತ ಸಿಟ್ಟು ಜಾಸ್ತಿಯಾಗಿದೆ. ದೇವರು ತಮಗೆ ಮಾಡಿದ ಒಳ್ಳೆಯದನ್ನು ಬೇರೆಯವರು ಸಾಕ್ಷಿಯಾಗಿ ಹೇಳುವುದು ಕೇಳಿದರೆ ಹೊಟ್ಟೆಯುರಿ. ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ಉಪದ್ರವದಿಂದ ತಾಳ್ಮೆ ಹುಟ್ಟುತ್ತದೆ ಎಂದು ಪೌಲ ರೋಮಾಪುರದವರಿಗೆ ಬರೆದಿದ್ದಾನೆ, ಅಲ್ವಾ? ಉಪದ್ರವ ಬಂತು, ತಾಳ್ಮೆ ಬರಲಿಲ್ಲ. ಹಾಗಾದರೆ ನಾನು ಎಲ್ಲಿ ತಪ್ಪಿದೆ? ದಯವಿಟ್ಟು ಬರೀ ವಚನ ಹಾಕಿ ಹೋಗಬೇಡಿ. ವಚನಗಳು ನನಗೂ ಗೊತ್ತು.

ಜಯಘೋಷ

ಸಿಸ್ಟರ್, ಧೈರ್ಯವಾಗಿರಿ. ಯೋಸೇಫನನ್ನು ನೋಡಿ. ಅಣ್ಣಂದಿರೇ ಗುಂಡಿಗೆ ಹಾಕಿದರು, ಮಾರಿದರು. ಆಮೇಲೆ ಸೆರೆಗೂ ತಳ್ಳಲಾಯಿತು. ಕೊನೆಗೆ ಅವನೇ ಐಗುಪ್ತಕ್ಕೆ ಅಧಿಕಾರಿಯಾದ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ. ನಿಮ್ಮ ದಿನವೂ ಬರುತ್ತದೆ. ನಂಬಿಕೆ ಬಿಡಬೇಡಿ. ನಿಮಗಾಗಿ ಪ್ರಾರ್ಥಿಸುತ್ತೇನೆ.

ಬೆರೋಯದವ

ಬ್ರದರ್, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ಯೋಸೇಫನ ಕಥೆಯನ್ನು ವಯಸ್ಸು ಲೆಕ್ಕ ಹಾಕಿ ಓದಿ ನೋಡಿ. ಅವನನ್ನು ಮಾರಿದ ಕಥೆ ಶುರುವಾಗುವಾಗ ಅವನಿಗೆ 17. ಫರೋಹನ ಮುಂದೆ ನಿಂತಾಗ 30. ಆಮೇಲೆ ಸುಭಿಕ್ಷದ 7 ವರ್ಷ, ಬರದ 2 ವರ್ಷ. "ದೇವರೇ ನನ್ನನ್ನು ಮುಂದಾಗಿ ಕಳುಹಿಸಿದರು" ಎಂಬ ಅರ್ಥದ ಮಾತನ್ನು ಅಣ್ಣಂದಿರಿಗೆ ಹೇಳುವಾಗ ಹೆಚ್ಚುಕಡಿಮೆ 39. ನೀವು ಕೇಡು ಬಗೆದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದರು ಅನ್ನುವ ಪ್ರಸಿದ್ಧ ಮಾತು ಇನ್ನೂ ತಡವಾಗಿ, ತಂದೆ ತೀರಿಕೊಂಡ ಮೇಲೆ ಬರುತ್ತದೆ. ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿದ್ದ. ಅಂದರೆ ಯೋಸೇಫನಿಗೆ ಆಗ ಐವತ್ತು ದಾಟಿತ್ತು.

ಇನ್ನೊಂದು ಗಮನಿಸಿ. ಆ ಮಾತು ಹೇಳಿದ್ದು ಯೋಸೇಫನೇ. ಗುಂಡಿಯ ಅಂಚಿನಲ್ಲಿ ನಿಂತು ಯಾರೋ ಅವನಿಗೆ ಹೇಳಿದ್ದಲ್ಲ. ಸೆರೆಯಲ್ಲಿದ್ದಾಗ ಅವನು ಏನು ಹೇಳಿದ? ನನ್ನನ್ನು ಇಲ್ಲಿ ಹಾಕಲು ನಾನೇನೂ ಮಾಡಿಲ್ಲ, ರಾಜನಿಗೆ ಹೇಳಿ ನನ್ನನ್ನು ಬಿಡಿಸು ಎಂದ. ಅದು ಅಪನಂಬಿಕೆ ಎಂದು ಬೈಬಲ್ ಎಲ್ಲೂ ಬೈದಿಲ್ಲ.

ಸಿಸ್ಟರ್, "ಎಲ್ಲಿ ತಪ್ಪಿದೆ" ಎಂದು ಕೇಳಿದಿರಿ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರಾ ಎಂದು ಯೇಸುವೇ ಕೇಳಿ, ಅಲ್ಲ ಎಂದರು. ಕೆಲಸ ನಿಲ್ಲುವುದಕ್ಕೆ ಸಾವಿರ ಕಾರಣ ಇರಬಹುದು. ಲೆಕ್ಕಪತ್ರದಲ್ಲಿ ಹುಡುಕಬೇಕಾದ ಕಾರಣವನ್ನು ಮನಸ್ಸಾಕ್ಷಿಯಲ್ಲಿ ಹುಡುಕಿ ಸುಮ್ನೆ ಬಳಲಬೇಡಿ.

ನಿವೃತ್ತ ಸಭಾಪಾಲಕ

ಮಗಳೇ, ನಿನ್ನ ಪ್ರಶ್ನೆ ಒಳ್ಳೆಯದು. ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದು.

ಕಷ್ಟ ತಾನಾಗಿಯೇ ಯಾರನ್ನೂ ಬೆಳೆಸುವುದಿಲ್ಲ. ಸೇವೆಯಲ್ಲಿ ಇಷ್ಟು ವರ್ಷ ಇದನ್ನು ನೋಡಿದ್ದೇನೆ. ಅದೇ ಕಷ್ಟದಲ್ಲಿ ಒಬ್ಬರು ಮೃದುವಾದರು, ಇನ್ನೊಬ್ಬರು ಕಲ್ಲಾದರು. ಹಾಗಾದರೆ ವ್ಯತ್ಯಾಸ ಎಲ್ಲಿ? ಒಂದೇ ರಾತ್ರಿ ಯೇಸುವಿನ ಇಬ್ಬರು ಶಿಷ್ಯರು ಬಿದ್ದರು. ಪೇತ್ರ ಮತ್ತು ಯೂದ. ಪೇತ್ರ ಯೇಸುವನ್ನು ಅರಿಯೆನೆಂದು ಅಲ್ಲಗಳೆದ, ಯೂದ ಹಿಡಿದುಕೊಟ್ಟ. ಇಬ್ಬರಿಗೂ ದುಃಖವಾಯಿತು. ಪೇತ್ರ ಹೊರಗೆ ಹೋಗಿ ಬಹಳ ಅತ್ತ. ಯೂದನೂ ಸುಮ್ಮನಿರಲಿಲ್ಲ. ಬೆಳ್ಳಿ ನಾಣ್ಯ ವಾಪಸು ಕೊಟ್ಟ, ತಪ್ಪಿಲ್ಲದವನ ಪ್ರಾಣಕ್ಕೆ ದ್ರೋಹ ಮಾಡಿದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡ. ಇದನ್ನು ನಾವು ಮರೆತುಬಿಡುತ್ತೇವೆ. ಆದರೆ ಅವನು ಒಪ್ಪಿಕೊಂಡದ್ದು ಯಾರ ಮುಂದೆ? ಮಹಾಯಾಜಕರ ಮುಂದೆ. ಅವರು ಹೇಳಿದ್ದು, ಅದು ನಮಗೇನು, ನೀನೇ ನೋಡಿಕೋ ಅಂತ. ಅಲ್ಲಿಂದ ಅವನು ಒಬ್ಬನೇ ಹೋದ.

ಪೇತ್ರ ಎಲ್ಲಿಗೆ ಹೋದ? ಅವನು ಉಳಿದವರ ಜೊತೆಯಲ್ಲೇ ಇದ್ದ. ಯೇಸುವಿನ ಸಮಾಧಿ ಬರಿದಾಗಿದೆ ಎಂಬ ಸುದ್ದಿ ಬಂದಾಗ ಇನ್ನೊಬ್ಬ ಶಿಷ್ಯನ ಜೊತೆ ಓಡಿದ. ತಿಬೇರಿಯ ಸಮುದ್ರದಲ್ಲಿ ದೋಣಿ ಹತ್ತಿದಾಗಲೂ ಅವನ ಜೊತೆ ಆರು ಜನ ಇದ್ದರು. ಅವಮಾನ ಹೊತ್ತುಕೊಂಡೇ ಅವರ ನಡುವೆ ಕೂತಿದ್ದ. ಸತ್ತು ಎದ್ದ ಯೇಸು ದಡದಲ್ಲಿ ಸಿಕ್ಕಿದ್ದು ಅಂಥವನಿಗೆ.

ಯೇಸು ಅವನಿಗೆ ಮುಂಚೆಯೇ ಏನು ಹೇಳಿದ್ದರು ನೋಡು. ನಿನ್ನ ನಂಬಿಕೆ ಕುಂದಬಾರದೆಂದು ಪ್ರಾರ್ಥಿಸಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ಬಲಪಡಿಸು ಎಂದರು. ಬೀಳುವ ಮೊದಲೇ, ಎದ್ದ ಮೇಲೆ ಮಾಡಬೇಕಾದ ಕೆಲಸ ಕೊಟ್ಟಿದ್ದರು. ಇದನ್ನು ಎಷ್ಟು ಸಲ ಓದಿದರೂ ನನ್ನ ಕಣ್ಣು ತುಂಬುತ್ತದೆ.

ದಡದ ಮೇಲೆ ಇದ್ದಿಲಿನ ಬೆಂಕಿ ಇತ್ತು. ಅವನು ಅಲ್ಲಗಳೆದದ್ದೂ ಇದ್ದಿಲಿನ ಬೆಂಕಿಯ ಪಕ್ಕದಲ್ಲೇ. ಮೂರು ಸಲ ಅಲ್ಲಗಳೆದವನನ್ನು ಮೂರು ಸಲ ಕೇಳಿದರು. "ಯಾಕೆ ಹಾಗೆ ಮಾಡಿದೆ" ಎಂದು ಒಂದು ಸಲವೂ ಕೇಳಲಿಲ್ಲ. "ನನ್ನನ್ನು ಪ್ರೀತಿಸುತ್ತೀಯಾ" ಎಂದು ಕೇಳಿದರು. ಅವನಿಗೆ ನೋವಾಯಿತು. ಆ ನೋವು ಬೇಕಿತ್ತು. ಆದರೆ ಯೇಸು ಕೊಟ್ಟದ್ದು ಮೊದಲು ಊಟ, ಆಮೇಲೆ ಪ್ರಶ್ನೆ.

ನಿನಗೆ ನಾನು ಕೇಳುವುದು ಇಷ್ಟೇ. ಈಗ ನಿನ್ನ ಪಕ್ಕದಲ್ಲಿ ಯಾರಿದ್ದಾರೆ? ಉಪದೇಶ ಮಾಡುವವರಲ್ಲ. ಸುಮ್ಮನೆ ಕೂರುವವರು.

ಶುಶ್ರೂಷಕಿ

ಅಯ್ಯನವರು ಹೇಳಿದ "ಮೊದಲು ಊಟ" ನನಗೆ ಬಹಳ ಹಿಡಿಸಿತು. ಪ್ರವಾದಿ ಎಲೀಯನಿಗೂ ದೇವರು ಹಾಗೆಯೇ ಮಾಡಿದರು. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯವಾದ ಮೇಲೆ, ರಾಣಿ ಈಜೆಬೆಲಳ ಬೆದರಿಕೆ ಕೇಳಿ ಅಡವಿಗೆ ಓಡಿಹೋದ. ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದ. ದೇವದೂತ ಬಂದು ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮಲಗಿದ. ಮತ್ತೆ ಎಬ್ಬಿಸಿ ತಿನ್ನಿಸಿದರು. "ಇಲ್ಲಿ ಏನು ಮಾಡುತ್ತೀ" ಎಂಬ ಪ್ರಶ್ನೆ ಬಂದದ್ದು ಇದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಸಿಸ್ಟರ್, ನಿದ್ದೆ ಹೇಗಿದೆ? ಊಟ ಸೇರುತ್ತದಾ? ದಿನವಿಡೀ ಯಾವುದರಲ್ಲೂ ಆಸಕ್ತಿ ಇಲ್ಲದೆ ವಾರಗಟ್ಟಲೆ ಹೀಗೇ ಇದ್ದರೆ ವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ, ಹತ್ತಿರದವರಿಗೆ ಹೇಳಿ ಕೂಡಲೇ ಹೋಗಿ. ಔಷಧಿ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂದು ಅರ್ಥವಲ್ಲ. ಖಿನ್ನತೆಗೆ "ಇದು ಶೋಧನೆ, ತಾಳಿಕೋ" ಎಂದು ಹೆಸರಿಟ್ಟು ಕೂರಿಸಿದ ಎಷ್ಟೋ ಜನರನ್ನು ತಡವಾಗಿ ಆಸ್ಪತ್ರೆಗೆ ಕರೆತರುತ್ತಾರೆ. ಗಾಯ ತೊಳೆಯದೆ ಪಟ್ಟಿ ಕಟ್ಟಿದರೆ ಒಳಗೇ ಕೀವಾಗುತ್ತದೆ. ಮೇಲಿನಿಂದ ಅಂಟಿಸಿದ ವಚನವೂ ಹಾಗೆಯೇ.

ಇದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಇದು ನಿನ್ನ ಶಿಲುಬೆ, ಹೊತ್ತುಕೋ" ಎಂದು ಯಾರೂ ಹೇಳಬಾರದು. ದಮಸ್ಕದಲ್ಲಿ ಕೊಲ್ಲಲು ಕಾದಿದ್ದಾಗ ಪೌಲ ಬುಟ್ಟಿಯಲ್ಲಿ ಕೂತು ಗೋಡೆ ಇಳಿದು ತಪ್ಪಿಸಿಕೊಂಡ. ಕೊರಡೆಯಿಂದ ಹೊಡೆಯಲು ಕಟ್ಟಿದಾಗ, ನಾನು ರೋಮಿನ ಹಕ್ಕುಳ್ಳ ಪ್ರಜೆ ಎಂದು ಹೇಳಿ ಹೊಡೆತ ನಿಲ್ಲಿಸಿದ. ಒಂದು ಊರಲ್ಲಿ ಹಿಂಸೆ ಮಾಡಿದರೆ ಇನ್ನೊಂದಕ್ಕೆ ಓಡಿಹೋಗಿ ಎಂದು ಯೇಸುವೇ ಹೇಳಿದ್ದಾರೆ. ತಪ್ಪಿಸಿಕೊಳ್ಳುವ ದಾರಿ ಇದ್ದರೆ ಅದೇ ದೇವರ ಉತ್ತರ ಇರಬಹುದು.

ಜಯಘೋಷ

ಸಿಸ್ಟರ್, ಹಾಗೆಲ್ಲ ಹೇಳಿದರೆ ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ ಏನಾಗಬೇಕು? ಕರ್ತನು ಪ್ರೀತಿಸುವವನನ್ನೇ ಶಿಕ್ಷಿಸುತ್ತಾನೆ ಎಂದು ಅಲ್ಲಿ ಸ್ಪಷ್ಟವಾಗಿದೆ. ಕಷ್ಟವನ್ನೆಲ್ಲ ಔಷಧಿ, ಹಕ್ಕು ಎಂದು ಬಿಡಿಸಿಕೊಂಡು ಹೋದರೆ ದೇವರ ಕೈ ಎಲ್ಲಿ ಉಳಿಯಿತು? ನಮ್ಮ ತಂದೆ ಕಾಯಿಲೆಯಲ್ಲಿ ಮಲಗಿದ್ದಾಗ ನಮ್ಮನ್ನು ನಿಲ್ಲಿಸಿದ್ದು ಇದೇ ವಚನ. ಇದು ದೇವರ ಕೈಯಲ್ಲಿದೆ ಎಂಬ ಒಂದೇ ನಂಬಿಕೆ ನಮಗೆ ಉಳಿದಿತ್ತು. ಅದನ್ನು ಯಾರೂ ಕಿತ್ತುಕೊಳ್ಳಬೇಡಿ.

ಬೆರೋಯದವ

ಬ್ರದರ್, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆ ಮಾತನ್ನು ನಿಮಗೆ ನೀವೇ ಹೇಳಿಕೊಂಡಿರಿ, ಅದು ನಿಮ್ಮನ್ನು ನಿಲ್ಲಿಸಿತು. ಅದು ಸಾಕ್ಷಿ. ಅದೇ ಮಾತನ್ನು ಹೊರಗಿನವರು ಬಂದು ಹೇಳಿದ್ದರೆ? ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಬಂದು ಏಳು ದಿನ ಏನೂ ಮಾತಾಡದೆ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದ ಮೇಲೆ ಕೆಟ್ಟಿತು. ಅವರು ಆಡಿದ ಮಾತುಗಳಲ್ಲಿ ಬಹಳಷ್ಟು ಕೇಳಲು ಭಕ್ತಿಯ ಮಾತುಗಳೇ. ಆದರೂ ಕೊನೆಯ ಅಧ್ಯಾಯದಲ್ಲಿ ದೇವರು, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ಯೋಬನು ಮಾತಾಡಿದ ಎಂದರು. ದೇವರ ಮೇಲೆಯೇ ದೂರು ಹೇಳಿದ್ದ ಯೋಬ! ಆ ಗೆಳೆಯರು ದೇವರ ಬಗ್ಗೆ ಮಾತಾಡಿದರು. ಯೋಬ ಸಿಟ್ಟಿನಲ್ಲೇ ಆದರೂ ದೇವರ ಜೊತೆ ಮಾತಾಡಿದ.

ಇಬ್ರಿಯರಿಗೆ 12ರಲ್ಲೂ, ಯಾವ ಶಿಕ್ಷೆಯೂ ಆ ಹೊತ್ತಿಗೆ ಸಂತೋಷ ಎನಿಸುವುದಿಲ್ಲ, ದುಃಖವೇ ಎಂದು ಬರೆದವರೇ ಒಪ್ಪಿಕೊಂಡಿದ್ದಾರೆ. ಫಲ ಆಮೇಲೆ ಬರುತ್ತದೆ. ಹಾಗಿದ್ದ ಮೇಲೆ, ದುಃಖದಲ್ಲಿ ಇರುವವರನ್ನು ಈಗಲೇ ಫಲ ತೋರಿಸು ಎಂದು ಕೇಳುವುದು ನ್ಯಾಯವಲ್ಲ.

ಅಚ್ಚಿನ ಮೊಳೆ

ಹಳೆಯ ಒಂದು ಘಟನೆ ಇಲ್ಲಿ ಹೊಂದುತ್ತದೆ ಅನಿಸಿತು. 1812ರ ಮಾರ್ಚ್ 11ರ ರಾತ್ರಿ ಬಂಗಾಳದ ಸೆರಾಂಪುರದ ಮಿಷನ್ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಬೈಬಲ್ ಅನುವಾದಿಸುತ್ತಿದ್ದ ಮಿಷನರಿ ವಿಲಿಯಂ ಕೇರಿ ವರ್ಷಗಟ್ಟಲೆ ಬರೆದಿಟ್ಟ ಹಸ್ತಪ್ರತಿಗಳು ಸುಟ್ಟುಹೋದವು. ಅದರಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಇತ್ತು. ತೆಲುಗು ವ್ಯಾಕರಣ, ಬಂಗಾಳಿ ನಿಘಂಟಿನ ಎಷ್ಟೋ ಪುಟ ಎಲ್ಲವೂ ಹೋಯಿತು. ಕೇರಿ ಆಗ ಕಲ್ಕತ್ತದಲ್ಲಿದ್ದರು. ಬಂದು ನೋಡಿ ಅತ್ತರು. ಆಮೇಲೆ ಕರಗಿದ ಸೀಸದಿಂದಲೇ ಮತ್ತೆ ಅಚ್ಚಿನ ಮೊಳೆ ಎರಕ ಹೊಯ್ಯಲು ಶುರು ಮಾಡಿದರು. ಅನುವಾದಗಳನ್ನೂ ಮೊದಲಿನಿಂದ ಹಿಡಿದರು. ಒಮ್ಮೆ ನಡೆದ ದಾರಿಯನ್ನು ಎರಡನೇ ಸಲ ನಡೆಯುವುದು ಸುಲಭ ಎಂಬ ಅರ್ಥದಲ್ಲಿ ಅವರು ಬರೆದುಕೊಂಡರು. ನನಗೆ ಇದು ಬಹಳ ಬಲ ಕೊಟ್ಟ ಕಥೆ. 1793ರಲ್ಲಿ ಭಾರತಕ್ಕೆ ಬಂದವರು ಮೊದಲ ದೀಕ್ಷಾಸ್ನಾನ ಕಂಡದ್ದೇ 1800ರ ಕೊನೆಗೆ. ಅಷ್ಟು ಕಾದವರಿಗೆ ಇದೂ ಬಂತು.

ಶುಶ್ರೂಷಕಿ

ಒಳ್ಳೆಯ ಕಥೆ. ಆದರೆ ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಕೇರಿಯವರ ಹೆಂಡತಿ ಡೊರೊಥಿ. 1794ರಲ್ಲಿ ಅವರ ಐದು ವರ್ಷದ ಮಗ ಪೀಟರ್ ಭೇದಿಯಿಂದ ತೀರಿಕೊಂಡ. ಆಮೇಲೆ ಆ ತಾಯಿಯ ಮನಸ್ಸು ಕೆಟ್ಟಿತು, ಮತ್ತೆ ಸರಿಹೋಗಲೇ ಇಲ್ಲ. 1807ರಲ್ಲಿ ತೀರಿಕೊಂಡರು. ಬೆಂಕಿಯ ಕಥೆಯನ್ನು ಎಲ್ಲ ಪ್ರಸಂಗಗಳಲ್ಲೂ ಹೇಳುತ್ತಾರೆ. ಡೊರೊಥಿಯ ಕಥೆ ಹೇಳುವವರು ಕಡಿಮೆ. ಯಾಕೆಂದರೆ ಅದರ ಕೊನೆಯಲ್ಲಿ ಜಯವಿಲ್ಲ. ಹಾಗಾದರೆ ಅವರು ದೇವರಿಗೆ ಬೇಡವಾದವರಾ? ನಾನು ಹಾಗೆ ನಂಬುವುದಿಲ್ಲ. ಬೆಳೆದವರನ್ನು ಮಾತ್ರ ಲೆಕ್ಕ ಹಿಡಿದರೆ, ಮುರಿದುಹೋದವರು ನಮ್ಮ ಸಭೆಗಳಲ್ಲಿ ಕೂರುವುದು ಎಲ್ಲಿ?

ಅಚ್ಚಿನ ಮೊಳೆ

ನಿಜ. ಇದನ್ನು ಸೇರಿಸಿಯೇ ಕಥೆ ಹೇಳಬೇಕು. ಧನ್ಯವಾದ.

ಜಪಸರ

ನಾನು ಕಥೋಲಿಕಳು, ಇಲ್ಲಿ ಬರೆಯಬಹುದಲ್ವಾ? ಸಿಸ್ಟರ್ ಹೇಳಿದ "ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ" ಎಂಬುದಕ್ಕೆ ಒಂದು ಮಾತು.

ಶಿಲುಬೆಯ ಸಂತ ಯೊವಾನ್ನರು ಸ್ಪೇನಿನವರು. 1577ರ ಡಿಸೆಂಬರಿನಲ್ಲಿ ಅವರ ಸ್ವಂತ ಮಠದ ಸಹೋದರರೇ ಅವರನ್ನು ಹಿಡಿದು ತೊಲೆದೊದಲ್ಲಿ ಕೂಡಿಹಾಕಿದರು. ಕಿಟಕಿಯೇ ಇಲ್ಲದಂಥ ಪುಟ್ಟ ಕೋಣೆ. ಮುಂದಿನ ವರ್ಷ ಆಗಸ್ಟಿನಲ್ಲಿ ತಪ್ಪಿಸಿಕೊಂಡರು. ಆ ಕೋಣೆಯಲ್ಲೇ ಅವರ ಒಳ್ಳೆಯ ಪದ್ಯಗಳಲ್ಲಿ ಕೆಲವು ಹುಟ್ಟಿದವು. ಪ್ರಾರ್ಥನೆ ಒಣಗಿಹೋಗುವ ಸ್ಥಿತಿಯ ಬಗ್ಗೆ ಅವರು ಆಮೇಲೆ ಬರೆದರು. ಅದು ಬರೀ ಬೇಸರವೋ, ದೇವರ ಕೆಲಸವೋ ಎಂದು ತಿಳಿಯಲು ಕೆಲವು ಗುರುತು ಹೇಳಿದ್ದಾರೆ. ದೇವರ ವಿಷಯದಲ್ಲೂ ರುಚಿ ಇಲ್ಲ, ಲೋಕದ ಬೇರೆ ಯಾವುದರಲ್ಲೂ ರುಚಿ ಇಲ್ಲ. ಮೊದಲಿನ ಹಾಗೆ ಧ್ಯಾನ ಮಾಡಲು ಪ್ರಯತ್ನಿಸಿದರೂ ಆಗುವುದಿಲ್ಲ. ಮತ್ತು ಮುಖ್ಯವಾಗಿ, ನಾನು ದೇವರಿಂದ ದೂರ ಹೋಗುತ್ತಿದ್ದೇನಾ ಎಂಬ ಚಿಂತೆ ಮನಸ್ಸನ್ನು ಬಿಡುವುದಿಲ್ಲ.

ಆ ಕೊನೆಯದನ್ನು ನೋಡಿ. ನಿಜವಾಗಿ ತಣ್ಣಗಾದವರಿಗೆ ಆ ಚಿಂತೆಯೇ ಇರುವುದಿಲ್ಲ. ಬೆಳೆಯುತ್ತಿಲ್ಲವಲ್ಲ ಎಂದು ನೀವು ಇಷ್ಟು ಸಂಕಟಪಡುತ್ತಿರುವುದೇ ಒಳಗೆ ಜೀವ ಇದೆ ಎಂಬುದಕ್ಕೆ ಗುರುತು. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದಾಗ ಎಷ್ಟೋ ಜನರಿಗೆ ಆಘಾತವಾಯಿತು. ಹತ್ತಿರ ಹತ್ತಿರ 50 ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ಕತ್ತಲೆಯೇ ಇತ್ತು. ನನಗೆ ಮಾತ್ರ ಆಘಾತಕ್ಕಿಂತ ಸಮಾಧಾನವೇ ಹೆಚ್ಚಾಯಿತು. ಆದರೆ ಶುಶ್ರೂಷಕಿಯವರು ಹೇಳಿದ್ದನ್ನೂ ಮಾಡಿ. ಎರಡೂ ಒಟ್ಟಿಗೆ ಇರಬಹುದು.

ದಾರಿ ಕೇಳುವವಳು

ಎಲ್ಲವನ್ನೂ ಓದಿದೆ. ಕೆಲವನ್ನು ಮತ್ತೆ ಮತ್ತೆ ಓದಿದೆ. ನಿದ್ದೆ ಸರಿಯಾಗಿಲ್ಲ, ವೈದ್ಯರ ಹತ್ತಿರ ಹೋಗುತ್ತೇನೆ. ಸಾಯುವ ಯೋಚನೆ ಇಲ್ಲ, ಗಾಬರಿಯಾಗಬೇಡಿ.

ಅಯ್ಯನವರೇ, ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳಿದಿರಿ. ಉತ್ತರ ಬರೆಯಲು ಹೋದರೆ ಯಾರ ಹೆಸರೂ ಬರಲಿಲ್ಲ. ಎಲ್ಲರಿಗೂ ನಾನೇ ಸಮಾಧಾನ ಹೇಳುತ್ತಿದ್ದವಳು. ಈಗ ಯಾರ ಹತ್ತಿರ ಹೋಗಲಿ?

ಇನ್ನೊಂದು ಪ್ರಶ್ನೆ. ಪೇತ್ರನಿಗೆ ಮತ್ತೆ ಕೆಲಸ ಸಿಕ್ಕಿತು. ನನಗೆ ಆ ಗುಂಪು ಮತ್ತೆ ಸಿಗುತ್ತದಾ? ಸಿಗದಿದ್ದರೆ ಅದು ಸೋಲೇ ಅಲ್ವಾ?

ನಿವೃತ್ತ ಸಭಾಪಾಲಕ

ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ ಮಗಳೇ. ಸಿಗದಿರಬಹುದು. ಸೋಲನ್ನು ಸೋಲು ಎಂದೇ ಕರೆ, ಅದರಲ್ಲಿ ಅವಿಶ್ವಾಸ ಏನೂ ಇಲ್ಲ. ಪೌಲನೇ ಕೊರಿಂಥದವರಿಗೆ, ಆಸ್ಯ ಸೀಮೆಯಲ್ಲಿ ನಮಗೆ ಬದುಕುವ ಆಸೆಯೇ ಬಿಟ್ಟುಹೋಗಿತ್ತು ಎಂದು ಬರೆದ. ತನ್ನನ್ನು ಕಾಡುತ್ತಿದ್ದ ಒಂದು ಬಾಧೆಯನ್ನು ಮುಳ್ಳು ಎಂದು ಕರೆದು, ಅದನ್ನು ತೆಗೆಯಿರಿ ಎಂದು ಮೂರು ಸಲ ಬೇಡಿಕೊಂಡ, ದೇವರು ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು. ಸಭೆಗಳಲ್ಲಿ ಆ ಉತ್ತರವನ್ನು ಹಾಡುತ್ತೇವೆ. ಅದು "ಇಲ್ಲ" ಎಂಬ ಉತ್ತರವೂ ಹೌದು ಎಂಬುದನ್ನು ಬಿಟ್ಟುಬಿಡುತ್ತೇವೆ.

ಮಾರ್ಕನ ವಿಷಯ ನಿನಗೆ ಹೇಳಬೇಕು. ಪೌಲ, ಬಾರ್ನಬರ ಮೊದಲ ಸುವಾರ್ತಾ ಪ್ರಯಾಣದಲ್ಲಿ ಜೊತೆಗಿದ್ದವನು, ಪೆರ್ಗೆ ಎಂಬ ಊರಿನಿಂದಲೇ ಅವರನ್ನು ಬಿಟ್ಟುಹೋದ. ಎರಡನೇ ಸಲ ಅವನನ್ನು ಕರೆದುಕೊಂಡು ಹೋಗುವುದು ಬೇಡ ಎಂದ ಪೌಲ. ಅದಕ್ಕೇ ಜಗಳವಾಗಿ ಪೌಲನೂ ಬಾರ್ನಬನೂ ಬೇರೆಯಾದರು. ಅಪೊಸ್ತಲರ ನಡುವೆಯೇ ಹೀಗಾಯಿತು! ಬಾರ್ನಬ ಅವನನ್ನು ಕರೆದುಕೊಂಡು ಸೈಪ್ರಸಿಗೆ ಹೋದ. ಅಲ್ಲಿ ಏನು ನಡೆಯಿತು ಎಂದು ಒಂದು ಸಾಲೂ ಇಲ್ಲ. ವರ್ಷಗಳಾದ ಮೇಲೆ ತಿಮೊಥೆಯನಿಗೆ ಬರೆದ ಎರಡನೇ ಪತ್ರಿಕೆಯ ಕೊನೆಯಲ್ಲಿ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರುತ್ತಾನೆ ಎನ್ನುತ್ತಾನೆ. ಬೆಳವಣಿಗೆ ನಡೆದದ್ದು ಆ ಬರೆಯದೆ ಬಿಟ್ಟ ವರ್ಷಗಳಲ್ಲಿ, ಒಬ್ಬ ಬಾರ್ನಬನ ಜೊತೆ. ಹಳೆಯ ತಂಡ ಮಾತ್ರ ಮೊದಲಿನ ಹಾಗೆ ಮತ್ತೆ ಕೂಡಿಬರಲಿಲ್ಲ.

ಬೆಳೆದದ್ದು ಗೊತ್ತಾಗುವುದು ಹೇಗೆ ಎಂದೆಯಲ್ಲ. ನಾನು ಕಂಡ ಹಾಗೆ, ಬೆಳೆದವರಿಗೆ ಅದು ಕೊನೆಗೆ ಗೊತ್ತಾಗುತ್ತದೆ, ಪಕ್ಕದವರಿಗೆ ಮೊದಲು. ಸೋತವರನ್ನು ನೋಡಿದಾಗ ಕಾರಣ ಹುಡುಕುವ ಚಟ ಕಡಿಮೆಯಾಗುತ್ತದೆ. ಪ್ರಾರ್ಥನೆ ಚಿಕ್ಕದಾಗುತ್ತದೆ, ಆದರೆ ಸುಳ್ಳು ಇರುವುದಿಲ್ಲ. ಸಹಾಯ ಕೇಳಲು ನಾಚಿಕೆ ಕಡಿಮೆ. ಸಿಟ್ಟು ಪೂರ್ತಿ ಹೋಗಲೇಬೇಕೆಂದಿಲ್ಲ. ಪೇತ್ರನೂ ಅಷ್ಟೇ. ಯೆಹೂದ್ಯರ ಹಿರೀಸಭೆ ಎಂಬ ನ್ಯಾಯಸಭೆಯ ಮುಂದೆ ಧೈರ್ಯವಾಗಿ ನಿಂತವನು, ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಮತ್ತೆ ಹಿಂದೆ ಸರಿದ. ಪೌಲ ಎದುರಿಗೇ ಬೈದ. ಅದೇ ಹಳೆಯ ಭಯ. ಆದರೂ ಅವನು ಪೇತ್ರನೇ.

ಯಾರ ಹತ್ತಿರ ಹೋಗಲಿ ಎಂದೆ. ಗುಂಪು ಬಿಟ್ಟವರಲ್ಲಿ ಯಾರ ಮೇಲೆ ನಿನಗೆ ಸಿಟ್ಟು ಕಡಿಮೆಯೋ, ಅವರೊಬ್ಬರಿಗೆ ಫೋನ್ ಮಾಡು. ವಾಪಸು ಬನ್ನಿ ಎನ್ನಬೇಡ. ಕಾರಣವನ್ನೂ ಕೇಳಬೇಡ. ನನಗೆ ಕಷ್ಟವಾಗಿದೆ, ಬಂದು ಕೂರುತ್ತೀರಾ ಎಂದು ಕೇಳು. ಎಲ್ಲರಿಗೂ ಸಮಾಧಾನ ಹೇಳಿದವಳಿಗೆ ಈ ಮಾತು ಬಹಳ ಕಷ್ಟ, ನನಗೆ ಗೊತ್ತು.

ಜಯಘೋಷ

ಅಯ್ಯನವರೇ, ಒಂದು ಸಂದೇಹ. ಇಷ್ಟೆಲ್ಲ ದುಃಖವನ್ನೇ ಹಿಡಿದು ಕೂತರೆ ನಿರೀಕ್ಷೆ ಎಲ್ಲಿ? ಸ್ತೋತ್ರ ಮಾಡಬೇಡ ಎನ್ನುತ್ತೀರಾ?

ನಿವೃತ್ತ ಸಭಾಪಾಲಕ

ಮಾಡು ಮಗನೇ, ಖಂಡಿತ ಮಾಡು. ಆದರೆ ಕೀರ್ತನೆಗಳ ಪುಸ್ತಕವನ್ನು ಪೂರ್ತಿ ಓದು. 150 ಕೀರ್ತನೆಗಳಲ್ಲಿ ಅಳುವ, ದೂರು ಹೇಳುವ ಕೀರ್ತನೆಗಳೇ ಬಹಳ. 13ನೆಯದು ಬರೀ ಆರು ವಚನ. ಎಷ್ಟರವರೆಗೆ, ಎಷ್ಟರವರೆಗೆ ಎಂದು ಮತ್ತೆ ಮತ್ತೆ ಕೇಳಿ, ಕೊನೆಗೆ ಹಾಡುವೆನು ಎನ್ನುತ್ತದೆ. 88ನೆಯದು ಹಾಗೂ ಅಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಎರಡನ್ನೂ ದೇವಜನರು ಆರಾಧನೆಗೆಂದೇ ಉಳಿಸಿಕೊಂಡರು. 13ನ್ನು ಹಾಡುವವನು 88ನ್ನು ಓದುವವಳ ಪಕ್ಕದಲ್ಲಿ ಕೂರಲಿ. ಅವಳ ಪುಟ ತಿರುಗಿಸಲು ಅವಸರ ಮಾಡದಿದ್ದರೆ ಸಾಕು.

ದಾರಿ ಕೇಳುವವಳು

88 ಓದಿದೆ. ಇಂಥದ್ದು ಬೈಬಲಿನಲ್ಲಿದೆ ಎಂದು ಗೊತ್ತಿತ್ತು, ಆದರೆ ಜೋರಾಗಿ ಓದಿರಲಿಲ್ಲ. ಓದುವಾಗ ಬಹಳ ದಿನದ ಮೇಲೆ ಅಳು ಬಂತು. ಅದು ಪ್ರಾರ್ಥನೆಯೇ ಇರಬೇಕು.

ಗುಂಪಿನಲ್ಲಿದ್ದ ಒಬ್ಬ ಅಕ್ಕನಿಗೆ ಶನಿವಾರ ಫೋನ್ ಮಾಡುತ್ತೇನೆ. ಅವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಜಯಘೋಷ ಬ್ರದರ್, ನಿಮ್ಮ ತಂದೆಯ ವಿಷಯ ಕೇಳಿ ಬೇಸರವಾಯಿತು. ಈಗ ಹೇಗಿದ್ದಾರೆ ಎಂದು ಯಾರೂ ಕೇಳಲೇ ಇಲ್ಲ.

ಜಯಘೋಷ

ತೀರಿಕೊಂಡರು ಸಿಸ್ಟರ್. ಹೋದ ವರ್ಷ. ಕೇಳಿದ್ದಕ್ಕೆ ಧನ್ಯವಾದ. ಇದರ ಬಗ್ಗೆ ನಾನು ಯಾರ ಹತ್ತಿರವೂ ಜಾಸ್ತಿ ಮಾತಾಡಿಲ್ಲ. ಅಯ್ಯನವರೇ, ನಿಮಗೆ ಬೇರೆಯಾಗಿ ಬರೆಯಬಹುದಾ?

ನಿವೃತ್ತ ಸಭಾಪಾಲಕ

ಬರೆ ಮಗನೇ. ಇವತ್ತೇ ಬರೆ.